ಊರೊಳಗಿನ ಹೆಸರಿಗೆ ಯಾರ ಒಪ್ಪಿಗೆ?

ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ ರಿಕ್ಷಾದವರಿಗೆ ‘ಮಂಗತರಾಮ್ ಪೆಟ್ರೋಲ್ ಪಂಪ್’ ಎಂದರೆ ಸಾಕು, ಪಿನ್‌ಕೋಡ್ ಬೇಕಿಲ್ಲ. ಊರಿನವರು ಕರೆದು ಕರೆದೇ ಆ ಹೆಸರು ವಿಳಾಸವಾಗಿದೆ. ಕಂಪ್ಯೂಟರ್ ಜಾಲಗಳಲ್ಲಿ ಹೆಸರಿನ ಚರಿತ್ರೆ ಇಷ್ಟು ಸಲೀಸಲ್ಲ.

1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್‌ನ ಕಂಪ್ಯೂಟರುಗಳ ಹೆಸರು, ಸಂಖ್ಯೆಗಳೆಲ್ಲ ಒಂದೇ ಕಡತದಲ್ಲಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದುದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಲಿಜಬೆತ್ ಫೈನ್ಲರ್ ಅವರ ತಂಡ. ಹೊಸ ಹೆಸರು ಬೇಕಾದವರು ಅವರಿಗೆ ತಿಳಿಸಬೇಕು. ಉಳಿದವರು ಹೊಸ ಪಟ್ಟಿಯನ್ನು ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಹೆಣಗಾಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು: ಹೆಸರುಗಳು ಮರದ ಕೊಂಬೆಗಳಂತೆ, ಒಂದೊಂದು ಕೊಂಬೆಯ ಹೊಣೆ ಒಬ್ಬೊಬ್ಬರಿಗೆ. ಬೇರು ಮಾತ್ರ ಎಲ್ಲರಿಗೂ ಒಂದೇ.

ಆ ಬೇರು ದೂರದಲ್ಲಿರುವುದು ಸಮುದಾಯದ ಮೆಶ್ ಜಾಲಗಳಿಗೆ ತೊಡಕು. ಮೆಶ್‌ನಲ್ಲಿ ಮನೆಮನೆಯ ರೂಟರುಗಳು ಒಂದರಿಂದೊಂದಕ್ಕೆ ಮಾಹಿತಿ ದಾಟಿಸುತ್ತವೆ. ಹೊರಗಿನ ಇಂಟರ್ನೆಟ್ ಕಡಿದರೂ ಶಾಲೆಯ ಕೋಣೆಯಲ್ಲಿರುವ ಸರ್ವರ್ ನಡೆಯುತ್ತಿರುತ್ತದೆ. ಅದರ ಹೆಸರನ್ನು ಹೊರಗೆ ವಿಚಾರಿಸಬೇಕಾದರೆ ಮಾತ್ರ ಇದ್ದೂ ಇಲ್ಲದಂತೆ. ಜರ್ಮನಿಯ ಫ್ರೈಫುಂಕ್ ಜಾಲಗಳಲ್ಲಿ ಬಳಕೆಯಾದ ಒಎಲ್‌ಎಸ್‌ಆರ್ ತಂತ್ರಾಂಶಕ್ಕೆ ಇದಕ್ಕೆಂದೇ ಒಂದು ಜೋಡಣೆ ಬಂತು: ರೂಟರುಗಳು ದಾರಿಯ ಸುದ್ದಿಯೊಂದಿಗೆ ಹೆಸರುಗಳನ್ನೂ ಹಂಚಿಕೊಳ್ಳುತ್ತಿದ್ದವು. ಇಂದು ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರಿನಲ್ಲಿ ಒಂದು ಸಾಲು ಬರೆದರೆ 10.0.0.5 ಎಂಬ ಸಂಖ್ಯೆಗೆ ‘ರೇಡಿಯೊ’ ಎಂಬ ಹೆಸರು ಬರುತ್ತದೆ.

‘.ಲೋಕಲ್’ ಎಂದು ಕೊನೆಯಾಗುವ ಹೆಸರುಗಳದು ಇನ್ನೊಂದು ದಾರಿ. 2013ರಲ್ಲಿ ಪ್ರಮಾಣಿತವಾದ ಮಲ್ಟಿಕಾಸ್ಟ್ ಡಿಎನ್‌ಎಸ್‌ನಲ್ಲಿ ಪಟ್ಟಿಯೇ ಇಲ್ಲ. ಬೇಕಾದ ಯಂತ್ರವನ್ನು ಹೆಸರು ಹಿಡಿದು ಕೂಗಿದರೆ ಅದೇ ಓಗೊಡುತ್ತದೆ. ಮಾಮೂಲಿ ಡಿಎನ್‌ಎಸ್‌ನಲ್ಲಿ ಕನ್ನಡದ ಹೆಸರು ರೋಮನ್ ಅಕ್ಷರಗಳ ಸಂಕೇತವಾಗಿ ಸಾಗಬೇಕು. ಇಲ್ಲಿ ‘ಶಾಲೆ’ ಯೂನಿಕೋಡ್‌ನಲ್ಲಿ ‘ಶಾಲೆ’ಯಾಗಿಯೇ ಹೋಗಬಲ್ಲದು. ಆದರೆ ಸಾಮಾನ್ಯವಾಗಿ ಈ ಕೂಗು ರೂಟರ್ ದಾಟಿ ಕೇಳಿಸದು.

ತೋಚಿದ ಹೆಸರಿಟ್ಟುಕೊಳ್ಳುವುದೂ ಅಪಾಯವೇ. ಎಷ್ಟೋ ತಂತ್ರಜ್ಞರು ತಮ್ಮ ಕಂಪ್ಯೂಟರಿನೊಳಗಿನ ಕೆಲಸಕ್ಕೆ ‘.ಡೆವ್’ ಬಳಸುತ್ತಿದ್ದರು. ಅದು ಗೂಗಲ್ ಕೈಸೇರಿತು. 2017ರಲ್ಲಿ ಕ್ರೋಮ್ ಅದಕ್ಕೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದಾಗ ಅವರ ಪುಟಗಳು ತೆರೆಯದಾದವು. 2024ರಲ್ಲಿ ಐಕಾನ್ ‘.ಇಂಟರ್ನಲ್’ ಎಂಬುದನ್ನು ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟಿತು. ಅದು ಇನ್ನು ಮಾರಾಟಕ್ಕಿಲ್ಲ.

ಹೆಸರು ಸಿಕ್ಕರೂ ಪ್ರಮಾಣಪತ್ರದ ಪ್ರಶ್ನೆ ಉಳಿಯುತ್ತದೆ. ಬೆಂಗಳೂರಿನ ಜನಸ್ತು ಸಂಸ್ಥೆ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಸಮುದಾಯದ ವೈಫೈ ಮೆಶ್ ಕಟ್ಟಿದೆ. ಓದುಬರಹ ಬಾರದವರಿಗೂ ಜಾಲ ದಕ್ಕಬೇಕೆಂಬುದು ಅದರ ಆಶಯ. ಅಂಥವರಿಗೆ ಕೀಲಿಮಣೆಗಿಂತ ದನಿ ಹತ್ತಿರ. ಆದರೆ ಸರ್ವರಿನ ಪುಟಕ್ಕೆ ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಬ್ರೌಸರ್ ಅದಕ್ಕೆ ಮೈಕ್ ಬಿಟ್ಟುಕೊಡುವುದಿಲ್ಲ, ‘.ಇಂಟರ್ನಲ್’, ‘.ಲೋಕಲ್’ ಹೆಸರುಗಳಿಗೆ ಸಾರ್ವಜನಿಕ ಪ್ರಮಾಣಪತ್ರ ಸಿಗುವುದಿಲ್ಲ.

ಇಂಥ ಯಾವ ಊರಿಗೂ ಉಳಿಯುವ ದಾರಿ ಎರಡು. ಹೊರಗಿನ ಹೆಸರೊಂದನ್ನು ಪಡೆದು ಅದರ ಪ್ರಮಾಣಪತ್ರವನ್ನು ಒಳಗೆ ತರಬಹುದು. ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು, ಆಗಾಗ ಹೊರಗಿನ ಸಂಪರ್ಕವೂ ಬೇಕು. ಇಲ್ಲವೇ ಊರಿನದೇ ಪ್ರಮಾಣಪತ್ರ ಮಾಡಿ ಪ್ರತಿ ಫೋನಿಗೂ ಹಾಕಬಹುದು. ಅದಕ್ಕೆ ಮನೆಮನೆಗೆ ಹೋಗುವ, ಜನ ನಂಬಿ ಫೋನು ಕೈಗೆ ಕೊಡುವ ಒಬ್ಬರು ಊರಲ್ಲಿರಬೇಕು.