ವಿಜ್ಞಾನೇಶ್ವರನ ನೆಲದಲ್ಲಿ ಕರಿಕೋಟಿನ ಹೆಣ್ಣುಮಕ್ಕಳು

ಕೆಲವು ವರ್ಷಗಳ ಹಿಂದೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆಂದು ನಮ್ಮ ತಂಡ ಅಫಜಲಪುರಕ್ಕೆ ಹೋಗಿತ್ತು. ನ್ಯಾಯಾಲಯದ ಆವರಣದಲ್ಲಿ ಕ್ಯಾಮೆರಾ ಇಳಿಸುತ್ತಿದ್ದಾಗ ವಯಸ್ಸಾದ ಹೆಣ್ಣುಮಗಳೊಬ್ಬಳು ಬಂದಳು. ನಮ್ಮ ನಿರೂಪಕಿಯ ಕೈಯಲ್ಲಿದ್ದ ಕಾಗದದ ಕಟ್ಟು ನೋಡಿ ಆಕೆಯನ್ನು ವಕೀಲೆ ಎಂದೇ ತಿಳಿದಿದ್ದಳು. "ಯವ್ವಾ, ನೀವು ವಕೀಲ್ರೇನ್ರೀ? ಅಣ್ಣತಮ್ಮರು ಹೊಲದ ಕಾಗದದ ಮ್ಯಾಲ ಸಹಿ ಮಾಡು ಅಂತಾರ. ಮಾಡಿದ್ರ ಏನಾಗ್ತದ ಹೇಳ್ರೀ" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಒಳಗೆ ವಕೀಲರಿದ್ದಾರಲ್ಲ, ಅವರನ್ನು ಕೇಳಬಾರದೇ ಎಂದೆವು. "ಗಂಡಸರ ಮುಂದ ಮನಿ ಮಾತು ಹ್ಯಾಂಗ ಆಡ್ಲಿ?" ಎಂದು ಹೊರಟೇಹೋದಳು.

ಓದಿದ್ದು ವಿಜ್ಞಾನ, ಹಿಡಿದದ್ದು ದೂರದರ್ಶನದ ಕೆಲಸ. ಕಾನೂನು ನನ್ನ ವಿಷಯವಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳ ಹೆಣ್ಣುಮಗಳೊಬ್ಬಳು ತನ್ನಂಥ ಇನ್ನೊಬ್ಬಳ ಬಾಯಿಂದಲೇ ಕಾನೂನು ಕೇಳಿ ತಿಳಿಯುವುದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತು? ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಹಿಡಿಸದ ಆ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಸೋಜಿಗದ ಸಂಗತಿಯೆಂದರೆ, ಹೆಣ್ಣಿನ ಆಸ್ತಿಯ ಬಗ್ಗೆ ಇಡೀ ದೇಶವೇ ಒಪ್ಪಿದ ಗ್ರಂಥ ಹುಟ್ಟಿದ್ದು ಇದೇ ನೆಲದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಈ ಭಾಗದ ಜನ ಹೆಮ್ಮೆಯಿಂದ ಹೇಳುತ್ತಾರೆ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಪಾಲು ನಿಂತದ್ದು ಮಿತಾಕ್ಷರದ ಮೇಲೆಯೇ. ಸ್ತ್ರೀಧನ ಎಂಬ ಮಾತಿಗೆ ವಿಜ್ಞಾನೇಶ್ವರ ವಿಶಾಲವಾದ ಅರ್ಥ ಕೊಟ್ಟ. ವಾರಸಿನಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು, ಎಲ್ಲವೂ ಹೆಣ್ಣಿನ ಸ್ವಂತದ್ದೆಂದ. ಆದರೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದು ಗಂಡುಮಕ್ಕಳಿಗೆ ಮಾತ್ರ ಎಂಬ ಕಟ್ಟು ಹಾಗೆಯೇ ಉಳಿಯಿತು. ಮುಂದೆ ಬ್ರಿಟಿಷರ ಪ್ರಿವಿ ಕೌನ್ಸಿಲ್ ಅವನು ಕೊಟ್ಟ ವಿಶಾಲ ಅರ್ಥವನ್ನೂ ಕುಗ್ಗಿಸಿತು. ಈ ವಾದ ವಿವಾದಗಳೆಲ್ಲ ಹೆಣ್ಣಿನ ಆಸ್ತಿಯ ಬಗ್ಗೆಯೇ ಆದರೂ ವಾದಿಸಿದವರು, ತೀರ್ಪು ಕೊಟ್ಟವರು ಎಲ್ಲರೂ ಗಂಡಸರೇ.

ಹೆಣ್ಣುಮಕ್ಕಳು ಈ ಬಾಗಿಲು ತಟ್ಟಿದಾಗ ಆದದ್ದೇನು? ಕಾರ್ನೀಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಆದರೆ ವಕೀಲಿ ಸನ್ನದು ಸಿಗಲಿಲ್ಲ. ಗೋಷಾದಲ್ಲಿದ್ದ ಜಮೀನ್ದಾರ ಮನೆತನದ ಹೆಂಗಸರಿಗೆ ಸಲಹೆ ಕೊಡುತ್ತಲೇ ಅವರು ವರ್ಷಗಳನ್ನು ಕಳೆದರು. ಪರಪುರುಷರ ಎದುರು ಬರಲಾಗದ ಆ ಹೆಂಗಸರ ಆಸ್ತಿ ದಿವಾನರ, ನೆಂಟರ ಕೈಯಲ್ಲಿ ಕರಗುತ್ತಿತ್ತು. ಅಫಜಲಪುರದ ಆ ಹೆಣ್ಣುಮಗಳ ಸಂಕೋಚಕ್ಕೂ ಇದಕ್ಕೂ ಬಹಳ ದೂರವಿಲ್ಲ.

1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ವಕೀಲಿಕೆಗೆ ಅರ್ಜಿ ಹಾಕಿದಾಗ ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ ತಳ್ಳಿಹಾಕಿತು. ಕಾಯ್ದೆಯಲ್ಲಿ ವಕೀಲನನ್ನು 'ಅವನು' ಎಂದೇ ಬರೆದಿತ್ತು. 'ಅವನು' ಎಂದರೆ 'ಅವಳು' ಕೂಡ ಸೇರುತ್ತದೆ ಎಂಬ ಸಾಮಾನ್ಯ ನಿಯಮ ಇದ್ದರೂ ನ್ಯಾಯಾಧೀಶರು ಅದನ್ನು ಇಲ್ಲಿಗೆ ಅನ್ವಯಿಸಲಿಲ್ಲ. ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಇದೇ ಉತ್ತರ ಸಿಕ್ಕಿತು. 1921ರಲ್ಲಿ ಅಲಹಾಬಾದ್ ಹೈಕೋರ್ಟು ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಕೊನೆಗೆ 1923ರಲ್ಲಿ ವಕೀಲಿ ವೃತ್ತಿಗೆ ಹೆಣ್ಣುತನ ಅಡ್ಡಿಯಲ್ಲವೆಂದು ಕಾಯ್ದೆಯೇ ಬಂತು.

ಆದರೆ ಆ ಕಾಯ್ದೆ ಬ್ರಿಟಿಷ್ ಇಂಡಿಯಾದ್ದು. ನಮ್ಮ ಮೂರು ತಾಲ್ಲೂಕುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ಹುಡುಗಿಗೆ ಶಾಲೆಯೇ ದುರ್ಲಭವಾಗಿದ್ದಾಗ, ಹೈದರಾಬಾದಿಗೆ ಹೋಗಿ ಕಾನೂನು ಓದುವುದು ಕನಸಿನ ಮಾತು. ದಾವೆ, ವಕಾಲತ್ತು, ತಾರೀಖು, ಜಾಮೀನು, ಹಾಜರು ಎಂಬ ಮಾತುಗಳು ಇಂದಿಗೂ ಇಲ್ಲಿ ಎಲ್ಲರ ಬಾಯಲ್ಲಿವೆ. ಮಾತು ಮನೆಯೊಳಗೆ ಬಂದರೂ ಅದರ ವಿದ್ಯೆ ಹೊರಗೇ ಉಳಿಯಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದೊಡನೆ ಸೇರಿತು. 1949ರಲ್ಲಿ ಜಾಗೀರುಗಳು ರದ್ದಾದವು. ಗಂಡು ಹೆಣ್ಣೆಂಬ ಕಾರಣಕ್ಕೆ ಸರ್ಕಾರ ಭೇದ ಮಾಡಬಾರದೆಂದು 1950ರ ಸಂವಿಧಾನ ಹೇಳಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯದ ಭಾಗವಾಯಿತು. ಆಡಳಿತ ಕನ್ನಡದ ಕಡೆಗೆ ತಿರುಗಿತು, ನಿಜ. ಆದರೆ ಹೈಕೋರ್ಟು ಸುಮಾರು 600 ಕಿಲೋಮೀಟರ್ ಆಚೆಗಿನ ಬೆಂಗಳೂರಾಯಿತು, ವಿಶ್ವವಿದ್ಯಾಲಯ ಧಾರವಾಡವಾಯಿತು. ಬೆಳಗಾವಿಯಲ್ಲಿ 1939ರಿಂದ, ಬೆಂಗಳೂರಿನಲ್ಲಿ 1948ರಿಂದ ಕಾನೂನು ಕಾಲೇಜುಗಳಿದ್ದವು. ಭೀಮಾ ತೀರದ ಒಕ್ಕಲುತನದ ಮನೆಯವರು ಮಗನನ್ನಾದರೂ ಅಷ್ಟು ದೂರ ಕಳಿಸಿಯಾರು, ಮಗಳನ್ನು ಕಳಿಸುವುದು ಹೇಗೆ?

ಆದ್ದರಿಂದಲೇ ಮನೆಯ ಹತ್ತಿರ ಎದ್ದ ಒಂದೊಂದು ಕಟ್ಟಡವೂ ಇಲ್ಲಿ ದೊಡ್ಡದು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ಸಂಸ್ಥೆಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು ಗುಲ್ಬರ್ಗಾಕ್ಕೆ ಕಾನೂನು ಪದವಿಯನ್ನು ತಂದಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ರಾಜ್ಯದ ಕಾನೂನು ಕಾಲೇಜುಗಳಿಗೆಂದೇ 2009ರಲ್ಲಿ ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ ಬಂತು. ಅದೇ ವರ್ಷ ಆಳಂದ ತಾಲ್ಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ದೊರೆಯಿತು. ಅಲ್ಲಿಯೂ ಈಗ ಕಾನೂನು ವಿಭಾಗವಿದೆ. ತೊಗರಿ ಹೊಲಗಳ ನಡುವೆ ವಿಶ್ವವಿದ್ಯಾಲಯದ ಕಟ್ಟಡ ಕಂಡಾಗ, ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳುವ ಹುಡುಗಿಯೂ ಇನ್ನು ಕಾನೂನು ಓದಬಹುದು ಎನ್ನಿಸುತ್ತದೆ.

ಓದಿದ ಮೇಲೆ ವೃತ್ತಿ ಎಲ್ಲಿ? 2008ರ ಜುಲೈಯಲ್ಲಿ ಗುಲ್ಬರ್ಗಾದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೆ ಮೊದಲು ಮೇಲ್ಮನವಿಯೆಂದರೆ ರಾತ್ರಿಯಿಡೀ ರೈಲಿನ ಪ್ರಯಾಣ. ಆಗ ದಣಿಯುತ್ತಿದ್ದವರು ಕಕ್ಷಿದಾರರು ಮಾತ್ರವಲ್ಲ; ಮನೆ, ಮಕ್ಕಳು ಎಂದು ಊರಲ್ಲೇ ಇರಬೇಕಾದ ವಕೀಲೆಗೂ ಹೈಕೋರ್ಟಿನ ವೃತ್ತಿ ಕೈಗೆಟುಕುತ್ತಿರಲಿಲ್ಲ. ಪೀಠ ಬಂದದ್ದರಿಂದ ಆ ಹೊಸ್ತಿಲು ತಗ್ಗಿತು.

ದಾರಿ ತೋರಿದ ಉದಾಹರಣೆ ನೆರೆಯ ಬಳ್ಳಾರಿಯಲ್ಲೇ ಇದೆ. ಮಂಜುಳಾ ಚೆಲ್ಲೂರು ಅವರು 1978ರಲ್ಲಿ ಅಲ್ಲಿ ವಕೀಲಿ ವೃತ್ತಿ ಆರಂಭಿಸಿದರು. 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂದೆ ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ರೆಜಿನಾ ಗುಹಾ ಅವರನ್ನು ಹೊರಗಿಟ್ಟ ಅದೇ ಕಲ್ಕತ್ತಾ ಹೈಕೋರ್ಟಿನ ಅತ್ಯುನ್ನತ ಪೀಠದಲ್ಲಿ ಬಳ್ಳಾರಿಯ ಹೆಣ್ಣುಮಗಳು ಕುಳಿತರು.

ಕಾನೂನೂ ಬದಲಾಯಿತು. ಮಿತಾಕ್ಷರದ ಹಳೆಯ ಕಟ್ಟನ್ನು ಸಡಿಲಿಸಿ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರ ಜುಲೈ 30ರಿಂದ ಜಾರಿಗೆ ತಂದಿತು. ಆಳಂದ, ಅಫಜಲಪುರಗಳ ಗಡಿಯಾಚೆಗಿನ ಮಹಾರಾಷ್ಟ್ರವೂ ಅದೇ ವರ್ಷ ಇಂಥದೇ ಕಾನೂನು ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆಗ ಬದುಕಿರಲಿ ಬಿಡಲಿ ಮಗಳ ಹಕ್ಕು ಹಕ್ಕೇ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು.

ಆದರೆ ಪುಸ್ತಕದ ಹಕ್ಕು ಪಹಣಿಗೆ ಇಳಿಯುವ ನಡುವೆ ಒಂದು ಕಾಗದವಿದೆ. ಅದೇ ಹಕ್ಕು ಬಿಡುಗಡೆ ಪತ್ರ. ತವರಿನ ಬಾಗಿಲು ಮುಚ್ಚಿಬಿಟ್ಟೀತೆಂಬ ಅಂಜಿಕೆಯಿಂದ ಅಕ್ಕತಂಗಿಯರು ಅದಕ್ಕೆ ಸಹಿ ಹಾಕುತ್ತಾರೆ. 1991ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 25. 2011ರಲ್ಲಿ ಸುಮಾರು 55. ಅಂದರೆ ತಾನು ಏನಕ್ಕೆ ಹೆಬ್ಬೆಟ್ಟು ಒತ್ತಿದೆನೆಂದು ಓದಿ ತಿಳಿಯಲಾರದವರೇ ಬಹುಕಾಲ ಹೆಚ್ಚಾಗಿದ್ದರು. ಇಂಥ ಕಡೆ ಮನೆಯ ಮಾತನ್ನು ಸಂಕೋಚವಿಲ್ಲದೆ ಕೇಳಿಸಿಕೊಂಡು, ಅವಳದೇ ನುಡಿಯಲ್ಲಿ ಕಾಗದ ಓದಿ ಹೇಳುವ ವಕೀಲೆ ಬೇಕು.

ಕಾಲೇಜು ಬಂದ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ಪದವಿಯ ನಂತರದ ಮೊದಲ ವರ್ಷಗಳಲ್ಲಿ ವಕೀಲಿಯಿಂದ ಬರುವ ಆದಾಯ ಅಷ್ಟಕ್ಕಷ್ಟೇ. ತಾಲ್ಲೂಕಿನ ಹುಡುಗಿಗೆ ವಸತಿನಿಲಯ ಬೇಕು, ಕೆಲಸ ಕಲಿಸುವ ಹಿರಿಯರ ಕಚೇರಿ ಬೇಕು, ಮದುವೆಯ ಅವಸರ ಮಾಡದ ಮನೆಯವರು ಬೇಕು.

ಆ ಹೆಣ್ಣುಮಗಳಿಗೆ ಅಂದು ಹೇಳಲಾಗದ ಉತ್ತರವನ್ನು ಈಗ ಬರೆಯುತ್ತೇನೆ. ತಾಯೀ, ಸಹಿ ಮಾಡಿ ಪತ್ರ ನೋಂದಣಿಯಾದರೆ ನಿಮ್ಮ ಪಾಲು ಹೋಗುತ್ತದೆ. ಅದನ್ನು ಮತ್ತೆ ಪಡೆಯುವುದು ಬಹಳ ಕಷ್ಟ. ಬಿಟ್ಟುಕೊಡುವುದೂ ನಿಮ್ಮ ಹಕ್ಕೇ, ಆದರೆ ತಿಳಿದು ಬಿಟ್ಟುಕೊಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗಬೇಕು. ತಾಲ್ಲೂಕು ನ್ಯಾಯಾಲಯದಲ್ಲೇ ಅದರ ಸಮಿತಿ ಇರುತ್ತದೆ. ಅಲ್ಲಿ ಹೋಗಿ, ವಕೀಲೆಯೊಬ್ಬರನ್ನು ಕೊಡಿ ಎಂದು ಕೇಳಿ. ಹಾಗೆ ಕೇಳುವವರು ಹೆಚ್ಚಿದಷ್ಟೂ, ಕರಿಕೋಟು ತೊಡುವ ಹುಡುಗಿಯರಿಗೆ ಈ ಮೂರು ಊರುಗಳಲ್ಲೇ ಕೆಲಸ ಸಿಗುತ್ತದೆ.