ಶಸ್ತ್ರವೈದ್ಯನ ಜೀವಿತ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳು ರೈಸ್ ಮಹಾಶಯರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಸೇರಿರುವುವು. ಗದ್ಯಾಣ, ಪಣ, ಸಲಗೆ, ಕೊಳಗಗಳ ಲೆಕ್ಕ ಅವುಗಳಲ್ಲಿ ಹೇರಳವಾಗಿದೆ. ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸುವುದು ಪೂರ್ವಿಕರ ಪದ್ಧತಿಯಾಗಿದ್ದಿತು. ಇದೇ ಸೀಮೆಯಲ್ಲಿ ಇಂದು ಯಂತ್ರಕ್ಕೆ ಸಿಕ್ಕಿದ ರೈತನ ಕೈಯನ್ನು ಹೊಲಿದು ಸರಿಪಡಿಸಿದ ಶಸ್ತ್ರವೈದ್ಯನಿಗೆ ಸರ್ಕಾರದ ವಿಮೆಯಿಂದ ಸಂದುದೆಷ್ಟು ಎಂಬುದನ್ನು ಯಾವ ದಾಖಲೆಯಿಂದ ತಿಳಿಯಬಹುದು? ಅದನ್ನು ಇಲ್ಲಿ ವಿಚಾರಮಾಡಬಯಸುತ್ತೇನೆ.

ಬಳ್ಳಿಗಾವೆಯ ಕೋಡಿಮಠವು ದೀನರೂ ಅನಾಥರೂ ಆದ ರೋಗಿಗಳಿಗೆ ಚಿಕಿತ್ಸೆಯ ಸ್ಥಾನವಾಗಿದ್ದಿತೆಂದು 1162ರ ಶಾಸನವು ಹೇಳುತ್ತದೆ. ವೇತನದ ವಿವರಕ್ಕೆ ಮಾತ್ರ ನೆರೆನಾಡಿನ ತಿರುಮುಕ್ಕೂಡಲಿಗೆ ಹೋಗಬೇಕು. ಚೋಳ ವೀರರಾಜೇಂದ್ರನ ಕಾಲದ, ಸುಮಾರು 1068ರ, ಅಲ್ಲಿಯ ಶಾಸನದಲ್ಲಿ 15 ಹಾಸಿಗೆಗಳ ಆತುರಶಾಲೆಯೊಂದರ ಪೂರ್ಣ ಲೆಕ್ಕವಿದೆ. ವರ್ಷಕ್ಕೆ ವೈದ್ಯನಿಗೆ 90 ಕಲಂ ಬತ್ತ, 8 ಕಾಸು; ಶಸ್ತ್ರಕ್ರಿಯೆಯವನಿಗೆ 30 ಕಲಂ; ನಾಪಿತನಿಗೆ 15 ಕಲಂ. ಯಂತ್ರಗಳಲ್ಲೆಲ್ಲ ಕೈಯೇ ಪ್ರಧಾನವೆಂದು ಸುಶ್ರುತನು ಹೇಳಿದ್ದರೂ ಕಣಜದ ಲೆಕ್ಕದಲ್ಲಿ ಆ ಕೈಗೆ ದೊರೆತುದು ವೈದ್ಯನ ಬತ್ತದ ಮೂರನೆಯ ಒಂದು ಪಾಲು! ಇದನ್ನು ತಿರಸ್ಕಾರವೆಂದು ಒಮ್ಮೆಗೇ ನಿರ್ಣಯಿಸುವುದು ಸಾಧುವಲ್ಲ. ಕೆಲಸದ ಹೊತ್ತು ಕಡಿಮೆಯಿದ್ದಿರಬಹುದು. ಗಮನಿಸತಕ್ಕುದೇನೆಂದರೆ, ಸಂದುದು ಮನುಷ್ಯನಿಗೆ, ವರ್ಷಕ್ಕೆ. ಎಷ್ಟು ವ್ರಣಗಳನ್ನು ಕೊಯ್ದನೆಂಬ ಎಣಿಕೆಗಲ್ಲ.

ಮೈಸೂರು ಸಂಸ್ಥಾನದ ಕಾಲಕ್ಕೆ ಈ ಜೀವಿತವು ತಿಂಗಳ ಸಂಬಳವಾಯಿತು. ವಿಮೆಯೆಂಬುದು ಸರ್ಕಾರದ ವ್ಯವಹಾರದಲ್ಲಿ ಕಾಲಿಟ್ಟುದು 1891ರಲ್ಲಿ. ಆದರೆ ಅದು ನೌಕರರ ಜೀವವಿಮೆ. ಶಸ್ತ್ರಕ್ರಿಯೆಗೂ ಅದಕ್ಕೂ ಸಂಬಂಧವಿರಲಿಲ್ಲ.

ಮುಖ್ಯ ಪಲ್ಲಟವು 2003ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಿಂದ ಆಯಿತು. ಸಹಕಾರ ಸಂಘದ ಸದಸ್ಯನು ವರ್ಷಕ್ಕೆ 60 ರೂಪಾಯಿ ಕೊಟ್ಟರೆ, ಸರ್ಕಾರದ ನೆರವೂ ಸೇರಿ, ಗೊತ್ತಾದ ಶಸ್ತ್ರಕ್ರಿಯೆಗಳು ಗೊತ್ತಾದ ದರದಲ್ಲಿ ನಡೆಯುವುವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ವ್ಯವಸಾಯದ ಉಪಕರಣಗಳಿಂದಾಗುವ ಅಪಘಾತ, ಎತ್ತಿನ ತಿವಿತ, ಹಾವಿನ ಕಡಿತ ಇವೂ ಯೋಜನೆಯ ಪಟ್ಟಿಯಲ್ಲಿದ್ದುದನ್ನು ನೋಡಿದರೆ ಪಟ್ಟಿ ಬರೆದವರು ಹೊಲವನ್ನು ಕಂಡವರೆಂದು ತೋರುತ್ತದೆ. 2018ರಲ್ಲಿ ಇದು ಆರೋಗ್ಯ ಕರ್ನಾಟಕದಲ್ಲಿ ಲೀನವಾಗಿ, ಅದು ಅದೇ ವರ್ಷ ಆಯುಷ್ಮಾನ್ ಭಾರತದೊಡನೆ ಕೂಡಿತು. 2023ರಿಂದ ಯಶಸ್ವಿನಿಯು ಮತ್ತೆ ಪ್ರತ್ಯೇಕವಾಗಿ ನಡೆಯತೊಡಗಿತು.

ಹೀಗೆ ಹಣವು ಮನುಷ್ಯನನ್ನು ಬಿಟ್ಟು ಕ್ರಿಯೆಯನ್ನು ಹಿಡಿಯಿತು. ಆದರೆ ಆಯುಷ್ಮಾನ್ ಭಾರತದ ದರವು ಇಡಿಯ ಗಂಟು: ಹಾಸಿಗೆ, ಶುಶ್ರೂಷೆ, ಅರಿವಳಿಕೆ, ಔಷಧ, ಊಟ, ಶಸ್ತ್ರವೈದ್ಯನ ಸಂಭಾವನೆ ಎಲ್ಲವೂ ಅದರೊಳಗೆ. ಹಣವು ಸೇರುವುದು ಆಸ್ಪತ್ರೆಗೆ. 2006ರಲ್ಲಿ ಸ್ಥಾಪಿತವಾದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಸರ್ಕಾರಿ ಸ್ಥಳಗಳಲ್ಲಿ ವೈದ್ಯನಿಗೆ ಸಂಬಳವೂ ಉಂಟಷ್ಟೆ. ಆದುದರಿಂದ ಗಂಟಿನ ದರ ಏರಿದರೂ ಇಳಿದರೂ ಕೈಯ ಶಸ್ತ್ರವೈದ್ಯನ ಪಾಲು ಏನಾಯಿತೆಂಬುದನ್ನು ಅದೊಂದರಿಂದಲೇ ಹೇಳಲಾಗದು.

ಅಮೆರಿಕೆಯ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ಕ್ರಮವೇ ಬೇರೆ. ಅಲ್ಲಿ 1992ರಿಂದ ಒಂದೊಂದು ಕ್ರಿಯೆಗೂ ಶ್ರಮ ಮತ್ತು ವೆಚ್ಚಗಳಿಗನುಸಾರವಾಗಿ ಅಂಕವನ್ನು ಗೊತ್ತುಮಾಡಿ, ಅದನ್ನು ಒಂದು ದರದಿಂದ ಗುಣಿಸಿ, ವೈದ್ಯನ ಸಂಭಾವನೆಯನ್ನು ಆಸ್ಪತ್ರೆಯದರಿಂದ ಬೇರೆಯಾಗಿ ಕೊಡುತ್ತಾರೆ. ಅಂಕವೊಂದಕ್ಕೆ 1992ರಲ್ಲಿ ಸುಮಾರು 31 ಡಾಲರ್. 2024ರಲ್ಲಿ ಸುಮಾರು 33. ಅಷ್ಟರಲ್ಲಿ ಅಲ್ಲಿಯ ಬೆಲೆಗಳು ಇಮ್ಮಡಿಗೂ ಮೀರಿದುವು. ಕೈಯ ಶಸ್ತ್ರಕ್ರಿಯೆಗಳ ಸಂಭಾವನೆಯು ನಿಜಮೌಲ್ಯದಲ್ಲಿ ಕುಗ್ಗಿತೆಂದು ಅಲ್ಲಿಯ ವಿದ್ವಾಂಸರು ತೋರಿಸಲಾದುದು ಈ ಬಿಡಿಲೆಕ್ಕದ ಬಲದಿಂದ.

ನಮ್ಮಲ್ಲಿ ಇಂಥ ಚರಿತ್ರೆಯನ್ನು ಬರೆಯಬೇಕಾದರೆ ಗಂಟನ್ನು ಬಿಚ್ಚಿ ತೋರಿಸುವ ಪತ್ರಗಳು ಬೇಕು. ಯಶಸ್ವಿನಿಯ ಸದಸ್ಯತ್ವ ನಡೆದುದು ಸಹಕಾರ ಸಂಘಗಳ ಮೂಲಕ. ಈ ನಾಲ್ಕು ತಾಲ್ಲೂಕುಗಳ ಸಂಘಗಳಲ್ಲಿ 2003ರಿಂದೀಚಿನ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ, ಗೆದ್ದಲು ಮುಟ್ಟುವ ಮೊದಲು ಅವನ್ನು ಆಸ್ಪತ್ರೆಯ ಬಿಲ್ಲುಗಳೊಡನೆ ಇಟ್ಟು ನೋಡತಕ್ಕುದು.