ಕಲ್ಲಿನ ಚಿಹ್ನೆ, ತೆರೆಯ ಚಿಹ್ನೆ

ಉಮರ್ಗಾ, ನಿಲಂಗಾ, ಉದಗೀರ ಸೀಮೆ ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿತ್ತೆಂಬುದು ಉಪಾಧ್ಯಾಯ ಬಂಧುಗಳಿಗೆ ವಿದಿತವೇ ಇದೆ. ಆ ಕಾಲದ ಕನ್ನಡ ಶಾಸನಗಳು ಈ ಭಾಗದಲ್ಲಿ ದೊರೆತಿವೆ. ಸಂಶೋಧಕರ ಲಕ್ಷ್ಯವೆಲ್ಲ ಅಕ್ಷರಗಳ ಕಡೆಗೆ. ಕಲ್ಲಿನ ನೆತ್ತಿಯಲ್ಲಿ ಕೊರೆದ ಚಿತ್ರಗಳ ಮಾತು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಇಂದು ನಮ್ಮ ವಿದ್ಯಾರ್ಥಿಗಳು ಗಣಕಯಂತ್ರದ ತೆರೆಯ ಮೇಲೆ ಒತ್ತುವ ಪುಟ್ಟ ಚಿತ್ರಗಳು ಆ ಸಾಲನ್ನು ಮತ್ತೆ ಓದುವಂತೆ ನಮ್ಮನ್ನು ಪ್ರೇರಿಸಿವೆ.

ಸೂರ್ಯಚಂದ್ರರೆಂದರೆ ದತ್ತಿಯು ಅವರಿರುವ ತನಕ ನಡೆಯಲೆಂಬ ಅರ್ಥ. ಲಿಂಗವಿದ್ದರೆ ಶೈವ ದತ್ತಿ, ಜಿನಬಿಂಬವಿದ್ದರೆ ಬಸದಿಯದು. ಕರುವಿಗೆ ಹಾಲೂಡಿಸುವ ಆಕಳನ್ನು ಕಂಡಾಗ, ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುವುದೆಂಬ ಶಾಪವಾಕ್ಯ ನೆನಪಾಗುತ್ತದೆ. ದತ್ತಿಭೂಮಿಯ ಎಲ್ಲೆಗೆ ಲಿಂಗಮುದ್ರೆಯ ಕಲ್ಲು, ಮುಕ್ಕೊಡೆಯ ಕಲ್ಲು ನೆಡುತ್ತಿದ್ದರು. ಓದು ಬಾರದ ಒಕ್ಕಲಿಗನೂ ನೇಗಿಲನ್ನು ಅಲ್ಲಿಗೇ ತಿರುಗಿಸಲೆಂಬುದು ಇದರ ಉದ್ದೇಶವಿರಬೇಕೆಂದು ನಮ್ಮ ಊಹೆ. ವೀರಗಲ್ಲಿನಲ್ಲಿಯಂತೂ ಚಿತ್ರಗಳಿಗೆ ಒಂದು ವ್ಯಾಕರಣವೇ ಇದೆ. ಕೆಳಗೆ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದದಿದ್ದರೆ ಕಥೆ ಕೂಡುವುದಿಲ್ಲ.

1951-52ರ ಮೊದಲ ಮಹಾಚುನಾವಣೆಯಲ್ಲಿಯೂ ಇದೇ ಉಪಾಯ ಕೆಲಸಕ್ಕೆ ಬಂತು. ಅಭ್ಯರ್ಥಿಗೊಂದರಂತೆ ಮತಪೆಟ್ಟಿಗೆ, ಅದರ ಮೇಲೆ ಜೋಡೆತ್ತು ಮೊದಲಾದ ಚಿಹ್ನೆ.

ಗಣಕದ ಚಿಹ್ನೆಗಳಿಗೆ ಇಂಗ್ಲಿಷಿನಲ್ಲಿ 'ಐಕಾನ್' ಎಂಬ ಹೆಸರನ್ನು ರೂಢಿಗೆ ತಂದವರು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್; 1975ರ ತಮ್ಮ ಪ್ರಬಂಧದಲ್ಲಿ. ಅದಕ್ಕೆ ಮುಂಚೆ ಯಂತ್ರಕ್ಕೆ ಆಜ್ಞೆಯನ್ನು ಅಕ್ಷರಗಳಲ್ಲಿ, ಅದೂ ತಪ್ಪಿಲ್ಲದೆ, ಬರೆಯಬೇಕಿತ್ತು. 1981ರ ಜೆರಾಕ್ಸ್ ಸ್ಟಾರ್ ಯಂತ್ರದ ತೆರೆಯಲ್ಲಿ ಕಾಗದ, ಕಡತ, ಅಂಚೆಬುಟ್ಟಿ ಮೂಡಿದವು. ಕಚೇರಿಯ ಮೇಜೇ ತೆರೆಗಿಳಿಯಿತು. 1984ರ ಮ್ಯಾಕಿಂತೋಷ್ ಯಂತ್ರಕ್ಕೆ ಸೂಸನ್ ಕೇರ್ ಎಂಬ ಕಲಾವಿದೆ ಚೌಕುಳಿ ಹಾಳೆಯ ಮೇಲೆ ಮನೆಮನೆ ತುಂಬಿ ಚಿಹ್ನೆ ಬರೆದರು. ಕಸೂತಿ ಹಾಕುವ ನಮ್ಮ ತಾಯಂದಿರಿಗೆ ಈ ಲೆಕ್ಕಾಚಾರ ಹೊಸದಾಗಿ ತೋರಲಾರದು.

ಚಿತ್ರವೇ ಭಾಷೆ, ಇನ್ನು ಅಕ್ಷರದ ಹಂಗೇಕೆ ಎನ್ನುವವರಿದ್ದಾರೆ. ಮರಾಠಿ, ಕನ್ನಡ, ಉರ್ದು ಮೂರೂ ಬೆರೆತ ನಮ್ಮ ಸೀಮೆಯಲ್ಲಿ ಈ ಮಾತು ಹಿತವಾಗಿಯೇ ಕೇಳುತ್ತದೆ. ಆದರೆ ನಾವು ಇದನ್ನು ಒಪ್ಪಲಾರೆವು. ಬರೆದುದನ್ನು ಕಾಯ್ದಿಡಲು ಒತ್ತುವ ಚೌಕ ಚಿಹ್ನೆಯು ಫ್ಲಾಪಿ ಎಂಬ ತಟ್ಟೆಯದು. ಆ ತಟ್ಟೆಯನ್ನು ಇಂದಿನ ಹುಡುಗರು ಕಂಡಿಲ್ಲ. ವಸ್ತು ಹೋಗಿ ಗುರುತು ಉಳಿದಿದೆ, ಯಾರಾದರೂ ಹೇಳಿಕೊಟ್ಟರೆ ಮಾತ್ರ ತಿಳಿಯುತ್ತದೆ. ಕಲ್ಲಿನ ಪಾಡೂ ಇದೇ. ಸೂರ್ಯಚಂದ್ರರನ್ನು ಕಂಡವನಿಗೆ ದತ್ತಿ ಶಾಶ್ವತವೆಂದು ತಿಳಿದೀತು. ಕೊಟ್ಟವರಾರು, ಎಷ್ಟು ಮತ್ತರು ಭೂಮಿ, ಯಾವ ದೇವರಿಗೆ ಎಂಬುದನ್ನು ಅದರ ಕೆಳಗಿನ ಹಳಗನ್ನಡದ ಸಾಲುಗಳೇ ಹೇಳಬೇಕು. ಆ ಲಿಪಿ ಓದಬಲ್ಲವರು ಈ ಸೀಮೆಯಲ್ಲಿ ಈಗ ತೀರ ವಿರಳ.

ಶಾಸನ ನೋಡಹೋಗುವ ಉಪಾಧ್ಯಾಯರು ಅಕ್ಷರಗಳ ಅಚ್ಚು ತೆಗೆಯುವಾಗ ನೆತ್ತಿಯ ಚಿತ್ರಗಳನ್ನೂ, ಯಾವುದು ಎಡಕ್ಕೆ ಯಾವುದು ಬಲಕ್ಕೆ ಎಂಬುದು ಸಹಿತ, ಬರೆದುಕೊಳ್ಳಬೇಕಾಗಿ ವಿನಂತಿ.